ಕೆನ್ನೆಯಲ್ಲಿ ಕೇಳಿದ ಏಕತಾರಿ

ಕೊಬ್ಬರಿ ವ್ಯಾಪಾರಕ್ಕೆ ಇಳಿಯುವವರು ಯಾರಾದರೂ ಬುದ್ಧಿ ಕೇಳಿಕೊಂಡು ನನ್ನ ಹತ್ತಿರ ಬಂದರೆ ನಾನು ಮೊದಲು ಹೇಳುವುದು ತಕ್ಕಡಿಯ ವಿಷಯವಲ್ಲ, ಕಿವಿಯ ವಿಷಯ. ಕೇಳದೆ ಬಂದವರಿಗೂ ಅದನ್ನೇ ಹೇಳುತ್ತೇನೆ. ತಿಪಟೂರಿನ ಮಂಡಿಯಲ್ಲಿ ಮೂಟೆ ಬಿಚ್ಚಿ ಹರಡಿದ ಮೇಲೆ ಯಾವ ಕೊಬ್ಬರಿ ಚೆನ್ನಾಗಿದೆ ಎಂದು ಕಣ್ಣಿದ್ದವರೆಲ್ಲ ಹೇಳಬಲ್ಲರು. ನನ್ನ ಕಸುಬು ಅದಕ್ಕೂ ಹಿಂದಿನದು. ತೋಟದವರ ಮನೆಗೇ ಹೋಗಿ, ಏಣಿ ಹತ್ತಿ, ಅಟ್ಟದ ಮೇಲೆ ಇನ್ನೂ ಸಿಪ್ಪೆ ಸಮೇತ ಬಿದ್ದಿರುವ ಕಾಯಿಯ ರಾಶಿಗೆ ಬೆಲೆ ಕಟ್ಟುವುದು.

ನಮ್ಮ ಕಡೆ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹೆಚ್ಚುಕಮ್ಮಿ ವರ್ಷದವರೆಗೆ ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾಗುತ್ತದೆ, ಅಂದರೆ ಒಡೆಯದ ಗುಂಡು ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುತ್ತಾ ಹೋದರೆ ಮಾರುವುದಕ್ಕೆ ಏನು ಉಳಿಯುತ್ತದೆ? ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಬೇಕು. ಆದ ಕಾಯಿ ಒಳಗಿನಿಂದ ಬಾಗಿಲು ತಟ್ಟಿದ ಹಾಗೆ ಟೊಕ್ಕನೆ ಸದ್ದು ಮಾಡುತ್ತದೆ. ಅರೆ ಒಣಗಿದ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಡಿದ ಹಾಗೆ ಮಂದ. ತಿರುಳು ಸಡಿಲವಾಗಿದೆ ಎಂಬುದು ಕೈಗೂ ಗೊತ್ತಾಗುತ್ತದೆ. ಎಷ್ಟು ಒಣಗಿದೆ ಎಂಬುದು ಕಿವಿಗೇ ಗೊತ್ತಾಗಬೇಕು.

ನಾನು ಈ ಕಿವಿಯಿಂದಲೇ ಮೇಲೆ ಬಂದವನು. ಹಂದನಕೆರೆಯ ಆಚೆಯ ಒಂದು ಸಣ್ಣ ಊರಿನಲ್ಲಿ, ಸ್ವಂತಕ್ಕೆ ಒಂದು ತೆಂಗಿನ ಮರವೂ ಇಲ್ಲದ ಮನೆಯಲ್ಲಿ ಹುಟ್ಟಿದೆ. ಅಪ್ಪ ತತ್ವಪದ ಹಾಡುವವರು. ಅವರಿಂದ ನನಗೆ ಬಂದ ಆಸ್ತಿ ಒಂದು ಏಕತಾರಿ: ಸೋರೆಬುರುಡೆ, ಬಿದಿರಿನ ದಂಡಿಗೆ, ಒಂದೇ ತಂತಿ. ಸೋಮವಾರ ಸೋಮವಾರ ಈಶ್ವರನ ಗುಡಿಯ ಭಜನೆಯಲ್ಲಿ ಅಪ್ಪನ ಪಕ್ಕ ಕೂತು ನಾನೂ ಹಾಡುತ್ತಿದ್ದೆ. ಅಪ್ಪ ಹೋದ ಮೇಲೂ, ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ವ್ಯಾಪಾರ ಶುರುಮಾಡಿದ ಮೇಲೂ ಸ್ವಲ್ಪ ಕಾಲ ಹಾಡಿದೆ.

ಬಿಟ್ಟಿದ್ದು ಒಬ್ಬ ತೋಟದ ಯಜಮಾನರ ಮಾತಿನಿಂದ. ಅವರ ಜಗಲಿಯ ಮೇಲೆ ಕೂತು ಕಾಯಿಗೆ ಚೌಕಾಸಿ ಮಾಡುತ್ತಿದ್ದೆ. ಆ ಯಜಮಾನರು ಎಲ್ಲರ ಮುಂದೆ, "ಏನ್ಲಾ, ನಿನ್ನೆ ಗುಡೀಲಿ ಎಲ್ಲಾ ಮಾಯೆ, ಯಾವುದೂ ನಂದಲ್ಲ ಅಂತ ಕಣ್ಣು ಮುಚ್ಕಂಡು ಹಾಡ್ತಿದ್ದೆ. ಬೆಳಗಾದೇಟ್ಗೆ ಎಲ್ಲಾ ನಿಂದೇ ಆಗೋಯ್ತಾ?" ಎಂದರು. ಇಡೀ ಜಗಲಿ ನಕ್ಕಿತು. ಆ ನಗುವಿನಲ್ಲಿ ನಾನು ಅವರು ಕೇಳಿದ ಬೆಲೆಗೇ ಒಪ್ಪಿಕೊಂಡು ಎದ್ದು ಬಂದೆ. ಹಾಡುವವನಿಗೆ ಚೌಕಾಸಿ ಒಗ್ಗುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿ ಏಕತಾರಿಯನ್ನು ಗೋಣಿಯಲ್ಲಿ ಸುತ್ತಿ ಅಟ್ಟದ ತೊಲೆಗೆ ನೇತುಹಾಕಿದೆ. ಮಾರುವವರ ಮುಂದೆ ಒಂದು ರಾಗವನ್ನೂ ಗುನುಗಬಾರದು ಎಂಬುದು ನನ್ನ ವ್ಯಾಪಾರದ ಕಟ್ಟಳೆಯಾಯಿತು. ಆಮೇಲೆ ಮದುವೆಯಾಯಿತು, ತಿಪಟೂರಿನಲ್ಲಿ ಮನೆಯಾಯಿತು. ಆ ಗೋಣಿಯ ಗಂಟು ಮಾತ್ರ ಹೊಸ ಮನೆಯ ಅಟ್ಟಕ್ಕೂ ಹಾಗೆಯೇ ಬಂತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಚಳಿಗಾಲದಲ್ಲಿ ನೆಗಡಿಯಾಗಿ ಎರಡೂ ಕಿವಿ ಸೋರತೊಡಗಿದವು. ಕೊಬ್ಬರಿಯ ನಾಡಿನವರು ಆಗ ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಬೆಳ್ಳುಳ್ಳಿ ಹಾಕಿ ಕಾಸಿದ ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಕಿವಿಗೆ ಬಿಡಿಸಿಕೊಂಡೆ. ಸೋರುವುದು ನಿಲ್ಲದಿದ್ದಾಗ ಇನ್ನಷ್ಟು ಬಿಡಿಸಿಕೊಂಡೆ. ಮನೆಯಲ್ಲಿ ಎಣ್ಣೆಗೆ ಬರವಿರಲಿಲ್ಲ, ಡಾಕ್ಟರಿಗೆ ಫೀಸು ಯಾಕೆ ಎಂಬ ಲೆಕ್ಕಾಚಾರವೂ ಇತ್ತು. ನೀವು ಇದನ್ನು ಓದುತ್ತಿದ್ದರೆ, ದಯವಿಟ್ಟು ಸೋರುವ ಕಿವಿಗೆ ಎಣ್ಣೆ ಬಿಡಬೇಡಿ. ಎಣ್ಣೆಯನ್ನು ತಲೆಗೆ ಹಚ್ಚಿಕೊಳ್ಳಿ, ಕಿವಿಯನ್ನು ಡಾಕ್ಟರಿಗೆ ತೋರಿಸಿ.

ಕಿವಿ ಕೆಡುವುದು ಕೆಡುವವನಿಗೆ ಕೊನೆಗೆ ತಿಳಿಯುತ್ತದೆ. ಮೊದಲು ಜಗತ್ತು ಮೆತ್ತಗಾಯಿತು ಅಷ್ಟೆ. ಒಂದು ದಿನ ನೊಣವಿನಕೆರೆ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದೆ. ಕಾಲಿನ ಹತ್ತಿರ ಧೂಳೆದ್ದಿತು. ತಿರುಗಿ ನೋಡಿದರೆ ಬಸ್ಸಿನ ಮೂತಿ ಬೆನ್ನಿಗೆ ತಾಗುವಷ್ಟು ಹತ್ತಿರ ನಿಂತಿದೆ. ಡ್ರೈವರು ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದ.

"ಏಯ್, ಊರ್ಗೆಲ್ಲಾ ಕೇಳಂಗೆ ಹಾರ್ನ್ ಹೊಡ್ದೆ. ಕಿವಿಗೆ ಕಡುಬು ತುರುಕ್ಕಂಡಿದ್ದೀಯೇನಲಾ?"

ಅವನ ಬಾಯಿ ಆಡುವುದನ್ನು ನೋಡಿಯೇ ಅರ್ಧ ಮಾತು ಅರ್ಥಮಾಡಿಕೊಂಡೆ. ಆ ಹೊತ್ತಿಗೆ ನನ್ನ ಕಿವಿಯೊಳಗೆ ಗುಂಯ್ ಎಂಬ ಸದ್ದೊಂದು ಸೇರಿಕೊಂಡಿತ್ತು. ಅದು ಹಗಲೆಲ್ಲ ಇರುತ್ತಿತ್ತು. ಹೆದರಿದರೆ ಜಾಸ್ತಿಯಾಗುತ್ತಿತ್ತು, ಜಾಸ್ತಿಯಾದರೆ ಇನ್ನೂ ಹೆದರಿಕೆಯಾಗುತ್ತಿತ್ತು.

ಆ ದಿನ ನಾನು ಹೊರಟಿದ್ದು ನೊಣವಿನಕೆರೆ ಹತ್ತಿರದ ತೋಟದ ಒಬ್ಬ ಹಿರಿಯ ಹೆಂಗಸಿನ ಮನೆಗೆ. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನೋಡಿಕೊಂಡವರು. ಎಲ್ಲರೂ ಅವ್ವ ಎನ್ನುತ್ತಿದ್ದೆವು. ಸುತ್ತಲಿನ ತೋಟದವರು ಅವ್ವ ಯಾರಿಗೆ ಕಾಯಿ ಕೊಟ್ಟರು ಎಂದು ನೋಡಿಕೊಂಡು ತಮ್ಮ ಅಟ್ಟಕ್ಕೆ ಏಣಿ ಹಾಕುತ್ತಿದ್ದರು. ಅವರ ಮನೆಯಲ್ಲಿ ಹೆಸರು ಕೆಟ್ಟರೆ ಆ ಸೀಮೆಯಲ್ಲೇ ನನಗೆ ವ್ಯಾಪಾರವಿಲ್ಲ.

ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿದೆ. ಮಂದವಾಗಿ ಕೇಳಿತು. ಇನ್ನೊಂದು ಎತ್ತಿಕೊಂಡೆ, ಅದೂ ಮಂದ. ಅಲ್ಲಿ ಇಲ್ಲಿ ಕೈಹಾಕಿ ಆರಿಸಿದ್ದೆಲ್ಲ ಒದ್ದೆ ಬಟ್ಟೆಯ ಸದ್ದೇ. ದಾರಿಯಲ್ಲಿ ಬಸ್ಸಿನ ಹಾರ್ನ್ ಕೇಳದೆ ಹೋಗಿದ್ದರೂ, ಕೆಟ್ಟಿರುವುದು ನನ್ನ ಕಿವಿ ಎಂಬುದು ನನಗೆ ಹೊಳೆಯಲೇ ಇಲ್ಲ. "ಇನ್ನೂ ಹಸಿ ಐತೆ ಕಣವ್ವ. ಮೂರು ತಿಂಗಳಾದ್ರೂ ಬೇಕು" ಎಂದೆ.

ಕೆಳಗೆ ಏಣಿ ಹಿಡಿದುಕೊಂಡಿದ್ದ ಅವ್ವ ನನ್ನ ಮುಖವನ್ನೇ ನೋಡಿದರು. "ನನ್ನ ಅಟ್ಟದ ಕಾಯಿ ಹಸಿ ಅಂತೀಯಾ? ಹಸಿ ಆಗಿರೋದು ನಿನ್ನ ಬುದ್ಧಿ ಕಣಪ್ಪ. ಇಳಿ ಕೆಳೀಕೆ."

ಮರುದಿನವೇ ಆ ರಾಶಿ ನನ್ನ ಓರಗೆಯ ಇನ್ನೊಬ್ಬ ವ್ಯಾಪಾರಿಯ ಪಾಲಾಯಿತು. ಅವನೂ ನಾನೂ ಜೊತೆಯಲ್ಲೇ ಕಸುಬು ಶುರುಮಾಡಿದವರು. ಸ್ನೇಹವೂ ಇತ್ತು, ಪೈಪೋಟಿಯೂ ಇತ್ತು. ತಿಪಟೂರು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕಾಫಿ ಆರಿಸಿಕೊಳ್ಳುತ್ತಾ ಅವನು ಕೇಳಿದ: "ಏನ್ಲಾ, ಗಂಟೆ ಹೊಡ್ದಂಗೆ ಹೊಡ್ಕತಿದ್ವು ಕಾಯಿ. ಹಸಿ ಅಂದ್ಯಂತೆ? ರೇಟು ಇಳಿಸಾಕೆ ಆಟ ಕಟ್ದೋ, ಇಲ್ಲಾ ಕಿವಿ ಗಿವಿ ಕೆಟ್ಟೈತೋ?"

ಸುತ್ತಲ ಮೇಜಿನವರೂ ತಿರುಗಿದರು. ಹಸಿಯಾಗಿದ್ದದ್ದು ಕಾಯಲ್ಲ, ಕೆಟ್ಟದ್ದು ನನ್ನ ಕಿವಿ ಎಂದು ಆಗ ಹೊಳೆಯಿತು. "ಆಟ ಕಣ್ಲಾ," ಎಂದೆ. "ನೀನು ಮಧ್ಯೆ ಬಂದು ಕೆಡಿಸ್ದೆ."

ನಕ್ಕರು. ನಾನೂ ನಕ್ಕೆ. ಕಿಲಾಡಿ ಎಂದು ಹೆಸರು ಬಂದವನನ್ನು ನಾಳೆಯೂ ಅಟ್ಟಕ್ಕೆ ಕರೆಯುತ್ತಾರೆ, ಹುಷಾರಾಗಿರುತ್ತಾರೆ ಅಷ್ಟೆ. ಕಿವುಡ ಎಂದು ಹೆಸರು ಬಂದವನನ್ನು ಯಾರೂ ಕರೆಯುವುದಿಲ್ಲ. ಆ ಹೊತ್ತಿನ ವ್ಯಾಪಾರ ಸರಿಯಾಗಿಯೇ ಮಾಡಿದೆ ಎನಿಸಿತು. ಮನೆಗೆ ಬಂದವನು ಮಾತ್ರ ರೇಡಿಯೋ ಹಾಕಿ, ಗುಂಡಿ ತಿರುಗಿಸಿ ತಿರುಗಿಸಿ ಕೇಳಿದೆ.

ಹೆಂಡತಿಗೆ ಹೇಳಿರಲಿಲ್ಲ. ಅವಳೇ ತಟ್ಟೆಯ ಮುಂದೆ ನೀರಿನ ಲೋಟ ಇಡುತ್ತಾ ಹೇಳಿದಳು: "ರೀ, ಊಟಕ್ಕೆ ಕೂತಾಗೆಲ್ಲ ಗೋಡೆ ಕಡೀಕೆ ಬಲಗಿವಿ ಹಾಕ್ಕಂಡು ಕೂತ್ಕತೀರಿ. ರೇಡಿಯೋನ ಊರಿಗೆಲ್ಲಾ ಹಾಕ್ತೀರಿ. ನೀವು ಮಾತಾಡದು ಮಾತ್ರ ನಂಗೇ ಕೇಳಲ್ಲ. ತುಮಕೂರಿನ ಡಾಕ್ಟ್ರ ಹತ್ರ ನೀವಾಗೇ ಹೋಗ್ತೀರೋ, ನಾನು ಅಣ್ಣನ್ನ ಕರೆಸ್ಲೋ?"

ಅದೂ ನಿಜ. ನನ್ನ ದನಿ ನನಗೆ ಮಡಕೆಯೊಳಗೆ ಮಾತಾಡಿದ ಹಾಗೆ ದೊಡ್ಡದಾಗಿ ಕೇಳುತ್ತಿತ್ತು. ಅದಕ್ಕೇ ತಗ್ಗಿಸಿ ಮಾತಾಡುತ್ತಿದ್ದೆ. ಚೌಕಾಸಿಯಲ್ಲಿ ಹೀಗೆ ಪಿಸುಗುಡುವುದನ್ನು ಜನ ನನ್ನ ಹೊಸ ಚಾಲಾಕಿ ಎಂದುಕೊಂಡಿದ್ದರು.

ತುಮಕೂರಿನ ಕಿವಿ ಡಾಕ್ಟರು ಎಣ್ಣೆಯ ಕಥೆ ಕೇಳಿ ಬೈದರು. ಆಮೇಲೆ ಎರಡು ಕವಲಿನ ಉಕ್ಕಿನ ಕಡ್ಡಿಯೊಂದನ್ನು ಮೊಣಕೈಗೆ ಬಡಿದು ಬಲಗಿವಿಯ ಮುಂದೆ ಹಿಡಿದರು. ಏನೂ ಕೇಳಲಿಲ್ಲ. ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ತಲೆಯೊಳಗೆ ಒಂದು ಸ್ವರ ಎದ್ದು ನಿಂತಿತು, ನೂಲು ಎಳೆದ ಹಾಗೆ. ನಾನು ಬೆಚ್ಚಿಬಿದ್ದೆ.

"ನೋಡಿ, ಬಾಗಿಲು ಕೆಟ್ಟಿದೆ, ಮನೆ ಕೆಟ್ಟಿಲ್ಲ. ಒಳಗಿನ ನರ ಚೆನ್ನಾಗಿದೆ" ಎಂದರು ಡಾಕ್ಟರು. ಅದು ನನ್ನ ತಲೆಗೆ ಹೋಗಲಿಲ್ಲ. ಮುಂದೆ ಹೇಳಿದ್ದಷ್ಟೇ ಹೋಯಿತು: ಬಲಗಿವಿಯ ತಮಟೆ ಪೂರ್ತಿ ಹರಿದಿದೆ, ಎಡದರಲ್ಲೂ ತೂತಿದೆ, ಸೋರುವುದು ಪೂರ್ತಿ ನಿಲ್ಲುವ ತನಕ ಆಪರೇಷನ್ನಿನ ಮಾತಿಲ್ಲ, ಆಮೇಲೂ ಬೆಂಗಳೂರಿಗೇ ಹೋಗಬೇಕು, ಗ್ಯಾರಂಟಿ ಕೊಡಲಾಗುವುದಿಲ್ಲ.

"ಪೂರ್ತಿ ಬ್ಯಾಡಿ ಸಾರ್," ಎಂದೆ. "ಎಡಗಿವಿ ಒಂದನ್ನ ಖಾಯಂ ಮಾಡ್ಕೊಡಿ. ಬಲಗಿವಿ ಬಿಟ್ಕೊಡ್ತೀನಿ."

ಡಾಕ್ಟರು ನಕ್ಕರು. "ಇಲ್ಲಿ ಚೌಕಾಸಿ ಇಲ್ಲ ಕಣ್ರೀ. ಮಾತ್ರೆ ನುಂಗಿ, ನೀರು ತಾಗಿಸಬೇಡಿ."

ವಾಪಸ್ಸು ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಹಳಿಯ ಸದ್ದು ಎಷ್ಟು ಕೇಳುತ್ತದೆ ಎಂದು ಪರೀಕ್ಷೆ ಮಾಡುತ್ತಾ ಬಂದೆ. ಗುಬ್ಬಿ ಹತ್ತಿರ ಇದ್ದಷ್ಟು ತಿಪಟೂರಿನಲ್ಲಿ ಇಲ್ಲವೇನೋ ಎನಿಸಿತು. ಆಮೇಲೆ ಅದೇ ನನ್ನ ಕೆಲಸವಾಯಿತು. ನಲ್ಲಿ ಬಿಟ್ಟು ಕೇಳುವುದು, ಕೀಲಿಕೈ ಬೀಳಿಸಿ ಕೇಳುವುದು. ಗಿರಾಕಿಯನ್ನು ನೋಡುವ ಹಾಗೆ ನನ್ನ ಕಿವಿಯನ್ನೇ ಅನುಮಾನದಿಂದ ನೋಡತೊಡಗಿದೆ.

ಒಂದು ಮಧ್ಯಾಹ್ನ ಹೆಂಡತಿ ಹಿಟ್ಟಿನ ಗಿರಣಿಗೆ ಹೋಗಿದ್ದಳು. ನಮ್ಮದೇ ಅಟ್ಟ ಹತ್ತಿ, ವ್ಯಾಪಾರಕ್ಕೆ ಕೊಂಡು ತಂದು ಹಾಕಿದ್ದ ಕಾಯಿ ತೆಗೆದು ತೆಗೆದು ಅಲ್ಲಾಡಿಸಿದೆ. ಗುಂಯ್ ಎಂಬುದರ ಹೊರತು ಏನೂ ಇಲ್ಲ. ಕೈಯಲ್ಲಿದ್ದ ಕಾಯಿಯನ್ನು ರಾಶಿಗೆ ಎಸೆದೆ. ಆಗ ತೊಲೆಯಿಂದ ನೇತಾಡುತ್ತಿದ್ದ ಗೋಣಿ ಕಣ್ಣಿಗೆ ಬಿತ್ತು. ಹಾಡಬೇಕೆಂದು ಅದನ್ನು ಬಿಚ್ಚಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಾಯಿಯ ಸದ್ದು ಒಂದೊಂದರದು ಒಂದೊಂದು ಥರ. ಅಪ್ಪನ ಏಕತಾರಿಯ ಸದ್ದು ಒಂದೇ, ಅದು ನನಗೆ ಬಾಯಿಪಾಠ. ಅಳತೆಗೆ ಗುರುತಿನ ಕಲ್ಲು ಬೇಕಲ್ಲ, ಅದಕ್ಕೆ ಬಿಚ್ಚಿದೆ.

ತಂತಿಗೆ ತುಕ್ಕು ಹಿಡಿದಿತ್ತು. ಪಂಚೆಯ ಅಂಚಿನಿಂದ ಒರೆಸಿ ಬಿರಟೆ ತಿರುಗಿಸಿ ಬಿಗಿ ಮಾಡಿದೆ. ತೊಡೆಯ ಮೇಲಿಟ್ಟು ಮೀಟಿದೆ. ಕೇಳಲಿಲ್ಲ. ಎದೆಗೆ ತಂದು ಮೀಟಿದೆ. ಏನೋ ಇದೆ ಅನಿಸಿತು ಅಷ್ಟೆ. ಅಪ್ಪ ಹಿಡಿಯುತ್ತಿದ್ದುದು ಹೀಗಲ್ಲ ಎಂದು ಕೈಗೇ ನೆನಪಾಯಿತು. ಬುರುಡೆಯನ್ನು ಹೆಗಲಿಗೆ ಒರಗಿಸಿ, ದಂಡಿಗೆಯನ್ನು ಕೆನ್ನೆಗೆ ಆನಿಸಿಕೊಳ್ಳುತ್ತಿದ್ದರು. ಹಾಗೆ ಹಿಡಿದೆ. ಬಿದಿರು ದವಡೆಗೆ ತಾಗಿತು. ಮೀಟಿದೆ.

ಡಾಕ್ಟರ ಕಡ್ಡಿಯಲ್ಲಿ ಬಂದ ಹಾಗೆಯೇ ಬಂತು, ಆದರೆ ಅದಕ್ಕಿಂತ ಬೆಚ್ಚಗೆ, ತುಂಬಿಕೊಂಡು. ಮೂಳೆಯಿಂದ ಹಲ್ಲಿಗೆ, ಹಲ್ಲಿನಿಂದ ತಲೆಯೊಳಕ್ಕೆ. ಇನ್ನೊಮ್ಮೆ ಮೀಟಿದೆ. ಬಿರಟೆಯನ್ನು ಒಂದು ಕೂದಲೆಳೆ ತಿರುಗಿಸಿ ಮತ್ತೆ ಮೀಟಿದೆ. ತಂತಿಯ ಸ್ವರ ಏರಿ ಏರಿ ನನ್ನ ಕಿವಿಯ ಗುಂಯ್ ಎಂಬುದಕ್ಕೆ ಹತ್ತಿರವಾಯಿತು. ಒಂದು ಕಡೆ ಬಂದು ಎರಡೂ ಸೇರಿದವು. ತಿಂಗಳುಗಟ್ಟಲೆ ನನ್ನನ್ನು ಹಿಂಸೆ ಮಾಡಿದ ಸದ್ದು ಶ್ರುತಿಯೊಳಗೆ ಮುಳುಗಿ ಕಾಣದಾಯಿತು. ಬೆರಳು ನಿಲ್ಲಿಸಿದರೆ ಎಲ್ಲಿ ಮತ್ತೆ ತಲೆ ಎತ್ತುತ್ತದೋ ಎಂಬ ಭಯಕ್ಕೆ ಮೀಟುತ್ತಲೇ ಕೂತೆ.

"ಗಿರಣಿಯಿಂದ ಬರೋ ಅಷ್ಟೊತ್ಗೆ ಕಾಯಿ ನೋಡೋರು ಪದ ಹಾಡ್ತಾ ಕೂತವ್ರಲ್ಲಪ್ಪ!" ಏಣಿಯ ಮೇಲೆ ಹೆಂಡತಿಯ ತಲೆ ಕಾಣಿಸಿತು, ಕೂದಲಿಗೆಲ್ಲ ರಾಗಿಹಿಟ್ಟು.

"ಹಾಡ್ತಿದ್ನಾ?"

"ನಂಗೊಬ್ಳಿಗೇ ಕೇಳಂಗೆ ಹಾಡ್ತಿದ್ರಿ. ಬುಡಿ, ಇನ್ನೊಂಚೂರು ಜೋರಾಗಿ ಹಾಡಿ. ಮದ್ವೆ ಆದಾಗಿಂದ ಕೇಳಿಲ್ಲ ನಾನು."

ಅವಳು ಮೇಲೆ ಬಂದು ಕಾಯಿಯ ರಾಶಿಗೆ ಒರಗಿ ಕೂತಳು. ಹಾಡಿದೆ. ಸಾಲು ಮರೆತಿದ್ದೆ, ದನಿ ಒಡೆದಿತ್ತು. ಹಾಡು ಮುಗಿದ ಮೇಲೆ ಡಾಕ್ಟರ ಮಾತು ನೆನಪಿಗೆ ಬಂತು. ಬಾಗಿಲು ಕೆಟ್ಟಿದೆ, ಮನೆ ಕೆಟ್ಟಿಲ್ಲ. ಕೈಗೆ ಸಿಕ್ಕಿದ ಕಾಯಿ ಎತ್ತಿ ಕೆನ್ನೆಗೆ ಒತ್ತಿಕೊಂಡೆ.

ಅಷ್ಟು ಸುಲಭವಾಗಿ ಒಲಿಯಲಿಲ್ಲ. ಸಿಪ್ಪೆ ಮೆತ್ತಗಿರುವ ಕಡೆ ಸದ್ದು ಸತ್ತುಹೋಗುತ್ತಿತ್ತು. ತೊಟ್ಟಿನ ಗಟ್ಟಿ ಭಾಗವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಹಲ್ಲು ಕಚ್ಚಿ, ಕಾಯಿಯನ್ನೂ ತಲೆಯನ್ನೂ ಒಟ್ಟಿಗೆ ಕೊಡವಬೇಕು. ನಾನು ಆಗಿದೆ, ಆಗಿಲ್ಲ ಎನ್ನುವುದು, ಹೆಂಡತಿ ಒಡೆದು ನೋಡಿ ಸರಿ, ತಪ್ಪು ಎನ್ನುವುದು. "ನೀವು ಪಾಸಾಗೋ ಅಷ್ಟೊತ್ಗೆ ಮನೇಲಿರೋರೆಲ್ಲ ಕೊಬ್ಬರಿ ಮಿಠಾಯಿ ತಿಂದು ಹೊಟ್ಟೆ ಕೆಡಿಸ್ಕತೀವಿ" ಎಂದಳು. ಒಂದು ಮಾತ್ರ ಬೇಗ ಗೊತ್ತಾಯಿತು. ಏಕತಾರಿ ಹಿಡಿದು ಸ್ವಲ್ಪ ಹೊತ್ತು ಹಾಡಿ, ಒಳಗಿನ ಗುಂಯ್ ತಗ್ಗಿದ ಮೇಲೆ ಕಾಯಿ ಹಿಡಿದರೆ ಟೊಕ್ಕನೆ ತಟ್ಟುವುದೂ ಮಂದವಾಗಿ ಬಡಿಯುವುದೂ ಬೇರೆ ಬೇರೆಯಾಗಿ ಸಿಗುತ್ತಿತ್ತು. ಹಾಡದೆ ಹಿಡಿದರೆ ಎಲ್ಲ ಕಲಸುಮೇಲೋಗರ.

ಹೀಗಾಗಿ ಮೊದಮೊದಲು ಹಾಡನ್ನು ಮಾತ್ರೆ ನುಂಗಿದ ಹಾಗೆಯೇ ಹಾಡಿದೆ. ಅದು ಯಾವಾಗ ಬದಲಾಯಿತು ಎಂದು ಹೇಳಲಾರೆ. ಒಂದು ಬೆಳಿಗ್ಗೆ ಪರೀಕ್ಷೆಗೆ ಅಟ್ಟದಲ್ಲಿ ಕಾಯಿ ಉಳಿದಿರಲಿಲ್ಲ. ಆದರೂ ಹತ್ತಿ ಕೂತಿದ್ದೆ, ಅಪ್ಪ ಎಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದರು ಎಂದು ನೆನಪು ಮಾಡಿಕೊಳ್ಳುತ್ತಾ. ಮಂಡಿಗೆ ಹೊತ್ತಾಗಿದೆ ಎಂದು ಹೆಂಡತಿ ಬಂದು ಎಬ್ಬಿಸಬೇಕಾಯಿತು. ಲಾಭವಿಲ್ಲದ ಕೆಲಸದಲ್ಲಿ ಅಷ್ಟು ಹೊತ್ತು ಕೂತಿದ್ದು ನನಗೇ ಗಾಬರಿಯಾಯಿತು.

ಅಷ್ಟರಲ್ಲಿ ಅವ್ವ ಹೇಳಿಕಳಿಸಿದ ಮಾತು ಬಂತು. ಹಿತ್ತಲ ಕಡೆಯ ಅಟ್ಟದ ಕಾಯಿ ಒಣಗಿ ಹದಕ್ಕೆ ಬಂದಿದೆ, ಬೇಕಾದರೆ ಬಂದು ನೋಡು. ಅಷ್ಟೇ. ಕರೆಯುತ್ತಿದ್ದಾರೋ, ಪರೀಕ್ಷೆಗೆ ಎಳೆಯುತ್ತಿದ್ದಾರೋ ತಿಳಿಯಲಿಲ್ಲ. ಹೋಗದಿದ್ದರೆ ಕಿವಿ ಹೋಗಿದೆ ಎಂದು ನಾನೇ ಡಂಗುರ ಹೊಡೆದ ಹಾಗೆ. ಹೋಗಿ ಇನ್ನೊಮ್ಮೆ ತಪ್ಪಿದರೆ ಕಥೆ ಮುಗಿಯಿತು. ಬೆಳಿಗ್ಗೆ ಹಾಡಿ, ಬಸ್ಸಿನಲ್ಲಿ ಹೋದೆ. ಬಸ್ಸಿನ ಗದ್ದಲಕ್ಕೋ ಹೆದರಿಕೆಗೋ, ನೊಣವಿನಕೆರೆಯಲ್ಲಿ ಇಳಿಯುವ ಹೊತ್ತಿಗೆ ಕಿವಿಯೊಳಗೆ ಜೇನುಗೂಡು ಎದ್ದಿತ್ತು.

ಅವ್ವ ಈ ಸಲ ತಾವೂ ಅಟ್ಟ ಹತ್ತಿದರು. ಕೆಳಗೆ ಕಾಯಿ ಸುಲಿಯುವ ಆಳುಗಳು ಕತ್ತೆತ್ತಿ ನೋಡುತ್ತಿದ್ದರು. ಕಾಯಿ ತೆಗೆದು ಕಿವಿಯ ಹಿಂದೆ ಒತ್ತಿ ತಲೆ ಕೊಡವಿದೆ.

"ಅಯ್ಯೋ, ಇದೇನಪ್ಪ, ಕಾಯಿಗೆ ಮುತ್ತು ಕೊಡ್ತಿದ್ದೀಯಾ? ಮನೇಲಿ ಹೆಂಡ್ತಿ ಅವ್ಳೆ ತಾನೇ?"

ಆಳುಗಳು ಬಿದ್ದು ಬಿದ್ದು ನಕ್ಕರು. ನನಗೆ ಜೇನುಗೂಡಿನ ಸದ್ದು ಬಿಟ್ಟು ಬೇರೇನೂ ಸಿಗಲಿಲ್ಲ. ಇನ್ನೊಂದು ಕಾಯಿ, ಮತ್ತೊಂದು. ಅಂಗೈ ಬೆವೆತು ಕಾಯಿ ಜಾರುತ್ತಿತ್ತು. ಅವ್ವನ ನಗು ನಿಂತು, ಕಣ್ಣು ಕಿರಿದಾಗುತ್ತಿರುವುದು ಕಂಡಿತು. ಉಳಿದಿದ್ದು ಒಂದೇ ದಾರಿ. ಮಾರುವವರ ಮುಂದೆ ಗುನುಗಬಾರದು ಎಂದು ನಾನೇ ಹಾಕಿಕೊಂಡ ಕಟ್ಟಳೆಯನ್ನು ಮುರಿಯಬೇಕಿತ್ತು. ಏಕತಾರಿ ಇರಲಿಲ್ಲ. ಕಣ್ಣು ಮುಚ್ಚಿ, ಆ ತಂತಿಯ ಸ್ವರವನ್ನು ನೆನಪಿನಿಂದ ಎತ್ತಿ, ಬಾಯಿ ಮುಚ್ಚಿಕೊಂಡು ಹಿಡಿದೆ. ದನಿ ಮೊದಲು ತಪ್ಪಿತು. ಸ್ವಲ್ಪ ಏರಿಸಿದೆ, ಸೇರಿತು. ಬಾಯಿ ತಾನಾಗಿ ತೆರೆದು ಪದದ ಮೊದಲ ಸಾಲು ಹೊರಗೆ ಬಂತು. ಎರಡನೆಯದೂ ಬಂತು. ಅಟ್ಟದ ಮೇಲೆ, ಕಾಯಿಯ ರಾಶಿಯ ನಡುವೆ, ಚೌಕಾಸಿಗೆ ಬಂದವನು ಹಾಡುತ್ತಿದ್ದೆ. ಕೆಳಗೆ ನಗು ನಿಂತಿತ್ತೋ, ನನಗೆ ಕೇಳುತ್ತಿರಲಿಲ್ಲವೋ.

ಜೇನುಗೂಡು ಇಳಿಯಿತು. ಕಾಯಿ ಹಿಡಿದೆ. ಟೊಕ್.

ನಿಧಾನವಾಗಿ ಆ ರಾಶಿಯೆಲ್ಲ ಓಡಾಡಿದೆ. "ಇದು ಪೂರಾ ಆಗೈತೆ ಅವ್ವ," ಎಂದೆ. "ಆ ಮೂಲೇದು ಆಗಿಲ್ಲ. ಅದು ತಡವಾಗಿ ಹಾಕಿದ್ದು."

ಅವ್ವ ಮೂಲೆಯಿಂದ ಒಂದು ಕಾಯಿ ಕೆಳಗೆ ಎಸೆದರು. ಆಳು ಸುಲಿದು ಒಡೆದ. ತಿರುಳು ಇನ್ನೂ ಚಿಪ್ಪಿಗೆ ಅಂಟಿಕೊಂಡು ಒದ್ದೆಯಾಗಿತ್ತು.

"ನಿನ್ನ ಪರೀಕ್ಷೆ ಮಾಡಾಕೇ ನಾನೇ ಹಾಕ್ಸಿದ್ದು ಕಣಪ್ಪ ಅಲ್ಲಿ," ಎಂದರು ಅವ್ವ. "ಕಿವಿ ಹೋಗೈತೆ ಅಂತ ಒಬ್ರಂದ್ರು, ಆಟ ಕಟ್ದ ಅಂತ ಇನ್ನೊಬ್ರಂದ್ರು. ಯಾವ್ದು ದಿಟ?"

ಕಿಲಾಡಿ ಎನಿಸಿಕೊಂಡೇ ಇಳಿದುಬಿಡಬಹುದಿತ್ತು. ಆದರೆ ಹಾಡಿದ ಬಾಯಲ್ಲಿ ಆ ಮಾತು ಏಳಲಿಲ್ಲ. "ಬಲಗಿವಿ ಇಲ್ಲ ಅವ್ವ. ಎಡಗಿವಿ ಅರ್ಧ. ಮೂಳೇಲಿ ಕೇಳಿಸ್ಕತೀನಿ. ಮೊದ್ಲು ಹಾಡ್ಕಂಡ್ರೆ ಮಾತ್ರ ಕೇಳುತ್ತೆ."

ಅವ್ವ ನನ್ನ ಎಡಗಡೆಗೆ ಬಂದು ನಿಂತರು. "ಅಂಗಾದ್ರೆ ನಾನು ರೇಟು ಹೇಳೋವಾಗ ಯಾವ ಕಿವಿ ಕೊಡ್ತೀಯಾ?"

ಈ ಸಲ ನಗು ಕೇಳಿತು. ಚೌಕಾಸಿ ಎಂದಿನ ಹಾಗೆಯೇ ನಡೆಯಿತು; ಅವ್ವ ಒಂದು ಕಾಸೂ ಸುಲಭವಾಗಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ಒಪ್ಪಂದವಾಗುವ ಹೊತ್ತಿಗೆ ಅವರು ಲೆಕ್ಕದ ಮೇಲೊಂದಿಷ್ಟು ಕೊಸರು ಕೇಳಿದರು. ಕೊಸರು ಕೇಳುವುದು ಕೊಳ್ಳುವವನ ಹಕ್ಕು, ಮಾರುವವರದಲ್ಲ ಎಂದು ನಾನು ವಾದಿಸಿದೆ.

"ಕಾಯಿ ಅಲ್ಲ ಕಣಪ್ಪ, ಆ ಪದ ಅರ್ಧಕ್ಕೇ ನಿಲ್ಲಿಸ್ದಲ್ಲ. ಅದನ್ನ ಮುಗ್ಸಿ ಹೋಗು."

ಜಗಲಿಯ ಮೇಲೆ ಕೂತು ಮುಗಿಸಿದೆ.

ಈಗಲೂ ಎಡಗಿವಿ ಖಾಯಂ ಎಂದು ಯಾರೂ ಬರೆದುಕೊಟ್ಟಿಲ್ಲ. ನೆಗಡಿಯಾದರೆ ನಿದ್ದೆ ಬರುವುದಿಲ್ಲ. ಬೆಂಗಳೂರಿಗೆ ಹೋಗುವ ಮಾತನ್ನು ಇದ್ದದ್ದೂ ಹೋದರೆ ಎಂಬ ಭಯದಿಂದ ಮುಂದಕ್ಕೆ ಹಾಕುತ್ತಲೇ ಬಂದೆ. ಸೋಮವಾರ ಭಜನೆಗೆ ಹೋಗುತ್ತೇನೆ. ತಾಳ ಕೇಳದಿದ್ದಾಗ ತಾಳ ಹಾಕುವವರ ಕೈ ನೋಡಿಕೊಂಡು ಹಾಡುತ್ತೇನೆ. ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ದಂಡಿಗೆಯನ್ನು ದವಡೆಗೆ ಆನಿಸಿಕೊಂಡು ಕೂರುವಾಗ ಇವತ್ತು ಕೇಳುತ್ತದೋ ಇಲ್ಲವೋ ಎಂಬ ಅನುಮಾನ ಪ್ರತಿದಿನವೂ ಇರುತ್ತದೆ. ಹೆಂಡತಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ನಾನು ಮೀಟಿ ತಲೆಯಾಡಿಸುವ ತನಕ ಅವಳು ಲೋಟ ಕೆಳಗಿಡುವುದಿಲ್ಲ.

"ಐತಾ?"

"ಐತೆ ಕಣೇ."

ಕಾಫಿ ಆರಿರುತ್ತದೆ. ಆರಿದ್ದನ್ನೇ ಕುಡಿದು, ಇನ್ನೊಂದು ಪದ ಹಾಡಿಕೊಂಡು, ಆಮೇಲೆ ವ್ಯಾಪಾರಕ್ಕೆ ಹೊರಡುತ್ತೇನೆ.